ಚಮಚ ಮಗುಚಿ ನೋಡಿ: ಹಳೆ ಇಂಗ್ಲಿಷ್ ಬೆಳ್ಳಿ ಚಮಚ ಕೂಡಿಸುವವರಿಗೆ

ನಮ್ಮಲ್ಲಿ ಮಗು ಹುಟ್ಟಿದರೆ ಅಜ್ಜಿಮನೆಯಿಂದ ಬೆಳ್ಳಿ ಒಳಲೆ ಬರುತ್ತದೆ. ಇಂಗ್ಲೆಂಡಿನಲ್ಲಿ ಬರುತ್ತಿದ್ದದ್ದು ಬೆಳ್ಳಿ ಚಮಚ. ಮಗು ದೊಡ್ಡದಾದ ಮೇಲೆ ನಾವು ಒಳಲೆಯನ್ನು ಅಕ್ಕಸಾಲಿಗನಿಗೆ ಕೊಟ್ಟು ಕಾಲುಗೆಜ್ಜೆ ಮಾಡಿಸಿಬಿಡುತ್ತೇವೆ. ಅವರೂ ಬೇಕಾದಷ್ಟು ಕರಗಿಸಿದ್ದಾರೆ, ಆದರೂ ಲೆಕ್ಕವಿಲ್ಲದಷ್ಟು ಚಮಚ ಉಳಿದಿವೆ. ಇನ್ನೂರು ವರ್ಷ ಹಳೆಯ ಚಮಚವೊಂದನ್ನು ಇವತ್ತೂ ಸಾಧಾರಣ ಸಂಬಳದವರು ಕೊಳ್ಳಬಹುದು. ಇನ್ನೂರು ವರ್ಷ ಹಳೆಯ ಬೆಳ್ಳಿ ಟೀಪಾಟ್ ಬೆಲೆ ಕೇಳಿದರೆ ಮಾತ್ರ ಅಂಗಡಿಯಿಂದ ಸುಮ್ನೆ ಹೊರಗೆ ಬರಬೇಕಾಗುತ್ತದೆ.

ಚಮಚದಿಂದ ಶುರು ಮಾಡಿ ಎಂದು ನಾನು ಹೇಳಲು ಇನ್ನೊಂದು ಕಾರಣ ಇದೆ. ಅದನ್ನು ಓದಬಹುದು. ಯಾವ ಊರಲ್ಲಿ, ಯಾವ ವರ್ಷ, ಯಾರು ಮಾಡಿದರು ಎಂಬುದು ಅದರ ಬೆನ್ನ ಮೇಲೇ ಇರುತ್ತದೆ. ಓದುವುದು ಕಲಿಯುವ ಮುಂಚೆ ದುಡ್ಡು ಬಿಚ್ಚಬೇಡಿ. ನಾನು ಬಿಚ್ಚಿದೆ. ಆ ಕತೆ ಮುಂದೆ ಹೇಳುತ್ತೇನೆ.

ಕೈಯಲ್ಲಿ ಏನಿರಬೇಕು

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಒಂದು. ಗ್ರಾಂ ಲೆಕ್ಕದ ಪುಟ್ಟ ಡಿಜಿಟಲ್ ತಕ್ಕಡಿ ಒಂದು. ಹಾಲ್‌ಮಾರ್ಕ್ ಅಕ್ಷರಗಳ ಪಟ್ಟಿ ಇರುವ ಕಿಸೆ ಪುಸ್ತಕ ಒಂದು, ಇಲ್ಲದಿದ್ದರೆ ಅದೇ ಪಟ್ಟಿ ಫೋನಿನಲ್ಲಿ. ಇನ್ನು ನಿಮ್ಮ ಬಾಯಿಯ ಉಸಿರು. ತಮಾಷೆಯಲ್ಲ, ಅದು ಎಷ್ಟು ಉಪಯೋಗಕ್ಕೆ ಬರುತ್ತದೆ ನೋಡುವಿರಂತೆ.

ಮೊದಲ ಹೆಜ್ಜೆ: ಮುದ್ರೆ ಓದುವುದು

ನನ್ನ ಮೇಜಿನ ಮೇಲಿರುವ ಒಂದು ಊಟದ ಚಮಚವನ್ನೇ ತೆಗೆದುಕೊಳ್ಳೋಣ. ಉದ್ದ ಸುಮಾರು 22 ಸೆಂಟಿಮೀಟರ್. ತೂಕ 62 ಗ್ರಾಂ. ಮಗುಚಿ ಹಿಡಿಯ ಹಿಂಭಾಗ ನೋಡಿದರೆ, ತುದಿಯ ಹತ್ತಿರ ಸಾಲಾಗಿ ಐದು ಪುಟ್ಟ ಗುರುತುಗಳಿವೆ.

ಒಂದು, ನಡೆಯುತ್ತಿರುವ ಸಿಂಹ. ಇದು ಇದ್ದರೆ ಸ್ಟರ್ಲಿಂಗ್ ಬೆಳ್ಳಿ ಎಂದರ್ಥ, ಅಂದರೆ 1000ಕ್ಕೆ 925 ಭಾಗ ಬೆಳ್ಳಿ, ಉಳಿದದ್ದು ಹೆಚ್ಚಾಗಿ ತಾಮ್ರ. ಈ ಸಿಂಹ 1544ರಿಂದ ಇದೆ. ಸಿಂಹ ಸಿಗದಿದ್ದರೆ ಇಂಗ್ಲಿಷ್ ಬೆಳ್ಳಿಯೋ ಅಲ್ಲವೋ ಎಂದು ಅನುಮಾನಪಡಲು ಶುರು ಮಾಡಿ.

ಎರಡು, ಕಿರೀಟ ಹಾಕಿಕೊಂಡ ಚಿರತೆಯ ಮುಖ. ಇದು ಲಂಡನ್ನಿನ ಗುರುತು. 1821ರಲ್ಲಿ ಚಿರತೆಯ ಕಿರೀಟ ಹೋಯಿತು. ಅದೇ ವರ್ಷ ಸಿಂಹವೂ ನಮ್ಮ ಕಡೆ ನೋಡುವುದನ್ನು ಬಿಟ್ಟು ನೇರ ಮುಂದೆ ನೋಡತೊಡಗಿತು. ಹಾಗಾಗಿ ಕಿರೀಟ ಇದೆಯಾ ಎಂಬ ಒಂದೇ ಪ್ರಶ್ನೆಯಿಂದ ಲಂಡನ್ ಚಮಚ 1821ರ ಆಚೆಯದೋ ಈಚೆಯದೋ ಗೊತ್ತಾಗಿಬಿಡುತ್ತದೆ.

ಮೂರು, ಇಂಗ್ಲಿಷಿನ ದೊಡ್ಡ 'ಕೆ' ಅಕ್ಷರ. ಇದು ವರ್ಷದ ಅಕ್ಷರ. ಲಂಡನ್ನಿನಲ್ಲಿ 1478ರಿಂದ ಈ ಪದ್ಧತಿ ನಡೆದುಬಂದಿದೆ. 'ಎ'ಯಿಂದ 'ಯು'ವರೆಗೆ, 'ಜೆ' ಬಿಟ್ಟು, 20 ಅಕ್ಷರಗಳ ಒಂದು ಸುತ್ತು. ಸುತ್ತು ಮುಗಿದರೆ ಅಕ್ಷರದ ಶೈಲಿ ಬದಲಾಗುತ್ತದೆ, ಸುತ್ತಲಿನ ಚೌಕಟ್ಟಿನ ಆಕಾರವೂ ಎಷ್ಟೋ ಸಲ ಬದಲಾಗುತ್ತದೆ. 1796ರಲ್ಲಿ ದೊಡ್ಡ 'ಎ'ಯಿಂದ ಶುರುವಾದ ಸುತ್ತಿನಲ್ಲಿ 'ಕೆ' ಬಂದದ್ದು 1805ಕ್ಕೆ. ಆಗ ಅಕ್ಷರ ಬದಲಾಗುತ್ತಿದ್ದದ್ದು ಜನವರಿಯಲ್ಲಲ್ಲ, ಮೇ ಕೊನೆಯಲ್ಲಿ. ಅಂದರೆ ಈ ಚಮಚಕ್ಕೆ ಮುದ್ರೆ ಬಿದ್ದದ್ದು 1805ರ ಮೇ ಮತ್ತು 1806ರ ಮೇ ನಡುವೆ ಯಾವಾಗಲೋ. ಇಂಗ್ಲಿಷ್ ನೌಕಾಪಡೆ ಫ್ರೆಂಚರನ್ನು ಸಮುದ್ರದಲ್ಲಿ ಸೋಲಿಸಿದ ಟ್ರಫಾಲ್ಗರ್ ಯುದ್ಧ ನಡೆದದ್ದು ಆ ಅಕ್ಟೋಬರಿನಲ್ಲಿ. ಸುದ್ದಿ ಬಂದಾಗ ಯಾರದೋ ಕೈಯಲ್ಲಿ ಈ ಚಮಚ ಇತ್ತೇನೋ ಎಂದು ನಾನು ಆಗಾಗ ಯೋಚಿಸುತ್ತೇನೆ. ಯೋಚಿಸುವುದಕ್ಕೆ ದುಡ್ಡು ಕೊಡಬೇಕಿಲ್ಲವಲ್ಲ.

ನಾಲ್ಕು, ಬಲಕ್ಕೆ ಮುಖ ಮಾಡಿದ ಒಂದು ತಲೆ. ಮೂರನೇ ಜಾರ್ಜ್ ರಾಜನದು. ಇದು ತೆರಿಗೆ ಕಟ್ಟಿದ ರಸೀದಿ ಇದ್ದ ಹಾಗೆ. 1784ರ ಡಿಸೆಂಬರಿನಿಂದ 1890ರವರೆಗೆ ಬೆಳ್ಳಿ ಸಾಮಾನಿನ ಮೇಲೆ ಸುಂಕ ಇತ್ತು. ಸುಂಕ ಕಟ್ಟಿದ ಸಾಮಾನಿಗೆ ರಾಜನ ಅಥವಾ ರಾಣಿಯ ತಲೆ ಒತ್ತುತ್ತಿದ್ದರು. ತಲೆ ಇದ್ದರೆ ಈ 106 ವರ್ಷದ ಒಳಗಿನದು. ಮೊದಲ ಒಂದೂವರೆ ವರ್ಷದ ತಲೆ ಉಬ್ಬಿಲ್ಲ, ಒಳಕ್ಕೆ ಕೊರೆದ ಹಾಗಿದೆ, ಎಡಕ್ಕೆ ನೋಡುತ್ತದೆ. ಆ ತಲೆಯ ಚಮಚ ಸಿಕ್ಕರೆ ಬಿಡಬೇಡಿ. ವಿಕ್ಟೋರಿಯಾ ರಾಣಿಯೂ ಎಡಕ್ಕೇ ನೋಡುತ್ತಾಳೆ, ಆದರೆ ಅವಳದು ಉಬ್ಬು.

ಐದು, ಮಾಡಿದವರ ಹೆಸರಿನ ಮೊದಲಕ್ಷರಗಳು. ಇಲ್ಲಿ ಮೇಲೆ 'ಡಬ್ಲ್ಯು ಇ', ಕೆಳಗೆ 'ಡಬ್ಲ್ಯು ಎಫ್'. ವಿಲಿಯಂ ಈಲಿ ಮತ್ತು ವಿಲಿಯಂ ಫರ್ನ್. ಲಂಡನ್ನಿನಲ್ಲಿ ಚಮಚವನ್ನೇ ಮುಖ್ಯ ಕಸುಬು ಮಾಡಿಕೊಂಡಿದ್ದ ಪಾಲುದಾರರು. 1808ರಲ್ಲಿ ವಿಲಿಯಂ ಚಾನರ್ ಇವರ ಜೊತೆ ಸೇರಿದ ಮೇಲೆ ಮೂರನೇ ಜೋಡಿ ಅಕ್ಷರ ಬಂತು. ನಮ್ಮ ಚಮಚದಲ್ಲಿ ಎರಡೇ ಜೋಡಿ, ವರ್ಷ 1805. ಲೆಕ್ಕ ಕೂಡಿತು.

ಹೀಗೆ ಒಂದು ಗುರುತು ಇನ್ನೊಂದಕ್ಕೆ ಸಾಕ್ಷಿ ಹೇಳಬೇಕು. ಕಿರೀಟ, ಅಕ್ಷರ, ತಲೆ, ಹೆಸರು, ನಾಲ್ಕೂ ಒಂದೇ ಕಾಲಕ್ಕೆ ಬೆರಳು ತೋರಿಸಬೇಕು. ಒಂದು ಅಡ್ಡ ಮಾತಾಡಿದರೂ ಚಮಚ ಕೆಳಗಿಡಿ.

ಲಂಡನ್ ಅಲ್ಲದ ಊರುಗಳೂ ಇವೆ. ಲಂಗರು ಇದ್ದರೆ ಬರ್ಮಿಂಗ್‌ಹ್ಯಾಮ್, ಕಿರೀಟ ಮಾತ್ರ ಇದ್ದರೆ ಶೆಫೀಲ್ಡ್. ಎರಡೂ ಕಡೆ ಬೆಳ್ಳಿಯನ್ನು ಪರೀಕ್ಷಿಸಿ ಮುದ್ರೆ ಒತ್ತುವ ಕಚೇರಿ ಶುರುವಾದದ್ದು 1773ರಲ್ಲಿ. ಅನುಮತಿ ಕೇಳಲು ಲಂಡನ್ನಿಗೆ ಬಂದವರು 'ಕ್ರೌನ್ ಅಂಡ್ ಆಂಕರ್' ಎಂಬ ಹೋಟೆಲಿನಲ್ಲಿ ಸೇರುತ್ತಿದ್ದರು, ಅದರ ಬೋರ್ಡಿನಿಂದಲೇ ಈ ಎರಡು ಗುರುತು ಹಂಚಿಕೊಂಡರು ಎಂಬ ಕತೆ ಇದೆ. ಮೂರು ಗೋಧಿ ಸಿವುಡು, ನಡುವೆ ಕತ್ತಿ ಇದ್ದರೆ ಚೆಸ್ಟರ್. ಮೂರು ಕೋಟೆ ಇದ್ದರೆ ನ್ಯೂಕಾಸಲ್. ಮೂರು ಬುರುಜಿನ ಒಂದೇ ಕೋಟೆ ಇದ್ದರೆ ಎಕ್ಸೆಟರ್, ಆದರೆ ಇಲ್ಲಿ ಹುಷಾರು. ಸ್ಕಾಟ್ಲೆಂಡಿನ ಎಡಿನ್‌ಬರೋದ ಗುರುತೂ ಮೂರು ಬುರುಜಿನ ಕೋಟೆಯೇ. ಎಕ್ಸೆಟರ್ ಕಚೇರಿ 1883ರಲ್ಲಿ, ನ್ಯೂಕಾಸಲ್ 1884ರಲ್ಲಿ, ಚೆಸ್ಟರ್ 1962ರಲ್ಲಿ ಮುಚ್ಚಿದವು. ಮುಚ್ಚಿದ ಊರಿನ ಚಮಚಕ್ಕೆ ಕೂಡಿಸುವವರು ಸ್ವಲ್ಪ ಜಾಸ್ತಿ ಕೊಡುತ್ತಾರೆ. ಒಂದು ಮಾತು ನೆನಪಿಡಿ: ವರ್ಷದ ಅಕ್ಷರ ಊರಿಂದ ಊರಿಗೆ ಬೇರೆ. ಲಂಡನ್ನಿನ 'ಕೆ' ನೋಡಿ ಬರ್ಮಿಂಗ್‌ಹ್ಯಾಮ್ ಚಮಚದ ವರ್ಷ ಹೇಳಬೇಡಿ. ಮೊದಲು ಊರು, ಆಮೇಲೆ ಅಕ್ಷರ.

ಸಿಂಹದ ಬದಲು ಕೂತಿರುವ ಹೆಂಗಸಿನ ಚಿತ್ರ ಕಂಡರೆ ಗಾಬರಿ ಬೇಡ. ಅವಳು ಬ್ರಿಟಾನಿಯಾ. 1697ಕ್ಕೆ ಮುಂಚೆ ಜನ ಬೆಳ್ಳಿ ನಾಣ್ಯದ ಅಂಚು ಕತ್ತರಿಸಿ, ಕರಗಿಸಿ ಪಾತ್ರೆ ಮಾಡಿಸುತ್ತಿದ್ದರು. ನಾಣ್ಯಕ್ಕೂ ಪಾತ್ರೆಗೂ ಒಂದೇ ಬೆಳ್ಳಿ, ಹಾಗಾಗಿ ಕೆಲಸ ಸುಲಭ. ಅದನ್ನು ತಡೆಯಲು ಸರ್ಕಾರ ಪಾತ್ರೆಯ ಬೆಳ್ಳಿಯ ಮಟ್ಟವನ್ನು 1000ಕ್ಕೆ 958ಕ್ಕೆ ಏರಿಸಿತು. 1720ರಲ್ಲಿ ಸ್ಟರ್ಲಿಂಗ್ ವಾಪಸ್ ಬಂತು. ಈ 23 ವರ್ಷದ ಚಮಚಗಳು ಮೆತ್ತಗೆ, ಚೆಂದ, ದುಬಾರಿ.

ಟೀ ಚಮಚಕ್ಕೆ ಮಾತ್ರ ಈ ಪಾಠ ಪೂರ್ತಿ ಸಲ್ಲುವುದಿಲ್ಲ. 1780ರ ಆಸುಪಾಸಿನವರೆಗೆ ಅವುಗಳ ಮೇಲೆ ಸಾಮಾನ್ಯವಾಗಿ ಸಿಂಹ ಮತ್ತು ಮಾಡಿದವರ ಅಕ್ಷರ ಎರಡೇ ಇರುತ್ತಿದ್ದವು. ವರ್ಷ ಇಲ್ಲ, ಊರಿಲ್ಲ. ಆಗ ಆಕಾರವನ್ನೇ ಕೇಳಬೇಕು.

ಎರಡನೇ ಹೆಜ್ಜೆ: ಆಕಾರದಿಂದ ಕಾಲ ಹೇಳುವುದು

ಇದು ಅಂದುಕೊಂಡಷ್ಟು ಕಷ್ಟವಿಲ್ಲ. ಹಿಡಿಯ ತುದಿ ನಿಮ್ಮ ಕಡೆ, ಅಂದರೆ ಮೇಲಕ್ಕೆ ಬಾಗಿದ್ದರೆ ಹ್ಯಾನೋವೇರಿಯನ್. ಸುಮಾರು 1710ರಿಂದ 1770ರ ದಶಕದವರೆಗೆ ಇದರದೇ ರಾಜ್ಯ. ಆಗ ಊಟದ ಮೇಜಿನ ಮೇಲೆ ಚಮಚವನ್ನು ಬೋರಲು ಇಡುತ್ತಿದ್ದರು. ಹಾಗಾಗಿ ಮನೆತನದ ಲಾಂಛನವನ್ನೂ ಹೆಸರಿನ ಅಕ್ಷರವನ್ನೂ ಬೆನ್ನಿನ ಮೇಲೆ ಕೆತ್ತಿಸುತ್ತಿದ್ದರು. ಬೆನ್ನೇ ಅದರ ಮುಖ. 1760ರ ಸುಮಾರಿಗೆ ಬಂದ ಓಲ್ಡ್ ಇಂಗ್ಲಿಷ್ ಮಾದರಿಯಲ್ಲಿ ತುದಿ ಕೆಳಕ್ಕೆ ಬಾಗಿತು, ಚಮಚ ಅಂಗಾತ ಮಲಗಿತು, ಕೆತ್ತನೆ ಮುಂದಕ್ಕೆ ಬಂತು. 1800ರ ನಂತರ ಪಿಟೀಲಿನ ಆಕಾರದ ಫಿಡಲ್ ಮಾದರಿ ಎಲ್ಲೆಡೆ ಹಬ್ಬಿತು. ಅದರ ಹಿಂದೆಯೇ ಚಿಪ್ಪು, ಹೂಬಳ್ಳಿ ತುಂಬಿದ ಭಾರದ ಕಿಂಗ್ಸ್ ಮಾದರಿ ಬಂತು. ನನಗೆ ಕಿಂಗ್ಸ್ ಇಷ್ಟವಿಲ್ಲ. ಮದುವೆ ಛತ್ರದ ಕಂಬದ ಹಾಗೆ ಕಾಣುತ್ತದೆ. ಆದರೆ ತೂಕ ಜಾಸ್ತಿ, ಕೊಳ್ಳುವವರೂ ಜಾಸ್ತಿ.

ಚಮಚದ ಗುಳಿಯ ಬೆನ್ನಿನಲ್ಲಿ ಹಿಡಿಯಿಂದ ಇಳಿದು ಬರುವ ಉದ್ದನೆಯ ಏಣು ಕಂಡರೆ ಅದಕ್ಕೆ ಇಲಿಬಾಲ ಎನ್ನುತ್ತಾರೆ. ಹೆಚ್ಚಾಗಿ 1730ಕ್ಕಿಂತ ಮುಂಚಿನದು. ಆದರೆ ವಿಕ್ಟೋರಿಯಾ ಕಾಲದಲ್ಲೂ ಆಮೇಲೂ ಇಲಿಬಾಲವನ್ನು ನಕಲು ಮಾಡಿದ್ದಾರೆ, ಮುದ್ರೆ ನೋಡದೆ ನಂಬಬೇಡಿ. 1750ರಿಂದ 1780ರ ನಡುವಿನ ಕೆಲವು ಟೀ ಚಮಚಗಳ ಗುಳಿಯ ಬೆನ್ನಿನಲ್ಲಿ ಪುಟ್ಟ ಚಿತ್ರ ಇರುತ್ತದೆ: ಹಡಗು, ಪಂಜರದ ಹಕ್ಕಿ, ಗೋಧಿ ಸಿವುಡು. ಸಣ್ಣ ಜೇಬಿನವರಿಗೆ ಇದಕ್ಕಿಂತ ಒಳ್ಳೆ ಸಂಗ್ರಹ ನನಗೆ ಗೊತ್ತಿಲ್ಲ. ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ ಹಾಯಿ ಸಮೇತ ಹಡಗು!

ಮುದ್ರೆ ಇರುವ ಜಾಗವೂ ಕಾಲ ಹೇಳುತ್ತದೆ. 1780ರ ಹೊತ್ತಿನವರೆಗೆ ಹಿಡಿಯ ಸಪೂರ ಭಾಗದಲ್ಲಿ, ಗುಳಿಗೆ ಹತ್ತಿರ ಒತ್ತುತ್ತಿದ್ದರು. ಅಲ್ಲಿ ಒತ್ತಿದಾಗ ಹಿಡಿ ಅಗಲವಾಗುತ್ತಿತ್ತು, ಅಕ್ಕಸಾಲಿಗ ಮತ್ತೆ ಬಡಿದು ಸರಿಮಾಡುತ್ತಿದ್ದ, ಮುದ್ರೆ ಅಪ್ಪಚ್ಚಿಯಾಗುತ್ತಿತ್ತು. ಹಾಗಾಗಿ 1760ರ ಚಮಚದಲ್ಲಿ ಸಿಂಹ ಸಪೂರವಾಗಿ ಹಿಗ್ಗಿದ್ದರೆ ಅದು ದೋಷವಲ್ಲ. ಸ್ಪಷ್ಟವಾಗಿ, ಚೌಕವಾಗಿ, ಎದ್ದು ಕಾಣುವಂತಿದ್ದರೆ ನಾನು ಎರಡು ಸಲ ನೋಡುತ್ತೇನೆ.

1660ಕ್ಕಿಂತ ಹಿಂದಿನವು ಬೇರೆಯೇ ಲೋಕ. ಅಂಜೂರದ ಆಕಾರದ ಗುಳಿ, ಆರು ಮುಖದ ತೆಳು ಹಿಡಿ, ಕೆಲವುದರ ತುದಿಯಲ್ಲಿ ಯೇಸುವಿನ ಶಿಷ್ಯರ ಪುಟ್ಟ ಬೊಂಬೆ. 12 ಶಿಷ್ಯರು ಮತ್ತು ಯೇಸು ಸೇರಿ 13ರ ಸೆಟ್. ಬೀಗದ ಕೈ ಹಿಡಿದವನು ಪೀಟರ್, ಓರೆ ಶಿಲುಬೆಯವನು ಆಂಡ್ರ್ಯೂ. ಮಗುವಿಗೆ ಕೊಡುವ ಬೆಳ್ಳಿ ಚಮಚ ಎಂದು ಶುರುವಿನಲ್ಲಿ ಹೇಳಿದೆನಲ್ಲ, ಅದು ಇದೇ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಬಿಟ್ಟಿ ನೋಡಬಹುದು. ಕೊಳ್ಳಲು ಹೋಗಬೇಡಿ, ಇನ್ನೂ ಹತ್ತು ವರ್ಷ ಕಲಿಯುವವರೆಗಂತೂ. ನಕಲಿಗೆ ಇದಕ್ಕಿಂತ ಫಲವತ್ತಾದ ಹೊಲ ಇಲ್ಲ.

ಮೂರನೇ ಹೆಜ್ಜೆ: ಮೋಸ ಮತ್ತು ಸವೆತ

ಈಗ ನನ್ನ ಕತೆ. ಒಂದು ಭಾನುವಾರದ ಹಳೆ ಸಾಮಾನಿನ ಸಂತೆಯಲ್ಲಿ ದೊಡ್ಡ ಚಮಚವೊಂದು ಕಣ್ಣಿಗೆ ಬಿತ್ತು. ಗುಳಿಯೊಳಗೆ ಉಬ್ಬಿದ ದ್ರಾಕ್ಷಿ, ಪೇರು, ಎಲೆ. ಚಿನ್ನದ ಲೇಪ. ಹಿಡಿ ತುಂಬ ಬಳ್ಳಿ. ಮುದ್ರೆ ಓದಿದೆ, 1790ರ ದಶಕದ್ದು. ಕುಣಿದಾಡುತ್ತ ತಂದೆ. ಮುದ್ರೆಯೂ ನಿಜ, ಬೆಳ್ಳಿಯೂ ನಿಜ. ಆದರೆ ದ್ರಾಕ್ಷಿ ಮಾತ್ರ ನೂರು ವರ್ಷ ಆಮೇಲಿನದು. ವಿಕ್ಟೋರಿಯಾ ಕಾಲದವರಿಗೆ ಹಳೆ ಬೋಳು ಚಮಚ ಸಪ್ಪೆ ಅನ್ನಿಸಿ, ಅದನ್ನೇ ತೆಗೆದು ಹಣ್ಣು ಉಬ್ಬಿಸಿ ಮಾರಿದ್ದರು. ಬೆರಿ ಸ್ಪೂನ್ ಎಂದು ಹೆಸರು. ಮಾರಿದವರು ಸುಳ್ಳು ಹೇಳಲಿಲ್ಲ, ನಾನು ಕೇಳಲಿಲ್ಲ. ಹಳೆ ರೇಷ್ಮೆ ಸೀರೆಗೆ ಹೊಸ ಕುಂದಣ ಹೊಲಿಸಿದ ಹಾಗೆ. ನಿಮಗೆ ಇಷ್ಟವಾದರೆ ಕೊಳ್ಳಿ, ಆದರೆ 1790ರ ಕೆಲಸಕ್ಕೆಂದು ಬೆಲೆ ಕೊಡಬೇಡಿ. ಗುಟ್ಟು ಇಷ್ಟೇ: ಕೆತ್ತನೆಯ ಬಳ್ಳಿ ಮುದ್ರೆಯನ್ನು ತುಳಿದುಕೊಂಡು ಹೋಗಿದ್ದರೆ, ಅಥವಾ ಯಾರದೋ ಹೆಸರಿನ ಅಕ್ಷರವನ್ನು ಅರ್ಧ ನುಂಗಿದ್ದರೆ, ಬಳ್ಳಿ ಆಮೇಲೆ ಬಂದದ್ದು.

ಗುಳಿಯ ತುದಿ ನೋಡಿ. ಹೊಸದರಲ್ಲಿ ಅದು ಮೊಟ್ಟೆಯ ಚೂಪು ಕೊನೆಯ ಹಾಗೆ ಸಮನಾಗಿ ಇರುತ್ತದೆ. ಇನ್ನೂರು ವರ್ಷ ಬಲಗೈಯವರು ತಟ್ಟೆ ಕೆರೆದರೆ ಎಡಬದಿ ಸವೆದು ಓರೆಯಾಗುತ್ತದೆ. ಸ್ವಲ್ಪ ಸವೆತ ಪರವಾಗಿಲ್ಲ. ಜಾಸ್ತಿ ಸವೆದದ್ದನ್ನು ಕೆಲವರು ಅರದಿಂದ ಉಜ್ಜಿ ದುಂಡಗೆ ಮಾಡಿಬಿಡುತ್ತಾರೆ. ಹಿಡಿಗೆ ಹೋಲಿಸಿದರೆ ಗುಳಿ ಗಿಡ್ಡವಾಗಿ, ಮೊಂಡಾಗಿ ಕಂಡರೆ ಅದೇ ಆಗಿರುತ್ತದೆ. ಅಂಚಿನ ಮೇಲೆ ಹೆಬ್ಬೆರಳು ಓಡಿಸಿ. ಚಾಕುವಿನ ಹಾಗೆ ತೆಳುವಾಗಿದ್ದರೆ ಬೇಡ.

ಈಗ ಉಸಿರಿನ ಕೆಲಸ. ಕನ್ನಡಕ ಒರೆಸುವಾಗ ಊದುವ ಹಾಗೆ ಹಿಡಿಯ ಮೇಲೆ 'ಹಾ' ಎಂದು ಬಿಸಿ ಉಸಿರು ಬಿಡಿ. ಮಂಜು ಕೂತ ಒಂದೆರಡು ಕ್ಷಣ ಹಳೆ ಬೆಸುಗೆಯ ಗೆರೆ ಎದ್ದು ಕಾಣುತ್ತದೆ, ಏಕೆಂದರೆ ಬೆಸುಗೆಯ ಲೋಹ ಬೇರೆ. ಅಳಿಸಿದ ಹೆಸರಿನ ನೆರಳೂ ಕಾಣಬಹುದು. ಅಕ್ಷರ ಅಳಿಸಿದ ಜಾಗ ತೆಳುವಾಗಿರುತ್ತದೆ, ಎರಡು ಬೆರಳ ನಡುವೆ ಹಿಡಿದರೆ ತಿಳಿಯುತ್ತದೆ. ಅಳಿಸದೆ ಉಳಿದ ಅಕ್ಷರ ನನಗೆ ಯಾವತ್ತೂ ಒಳ್ಳೆಯದೇ. ಮೇಲೊಂದು, ಕೆಳಗೆರಡು ಹೀಗೆ ಮೂರು ಅಕ್ಷರ ಇದ್ದರೆ ಅದು ಹೆಚ್ಚಾಗಿ ಮದುವೆಯ ಗುರುತು. ಮೇಲಿನದು ಮನೆತನದ ಹೆಸರು, ಕೆಳಗಿನವು ಗಂಡ ಹೆಂಡತಿಯ ಹೆಸರು. ನಮ್ಮ ಪಾತ್ರೆ ಅಂಗಡಿಯಲ್ಲಿ ಸ್ಟೀಲ್ ತಟ್ಟೆಗೆ ಹೆಸರು ಹಾಕಿಸುವುದಿಲ್ಲವಾ, ಹಾಗೆ.

ಆರು ಚಮಚದ ಸೆಟ್ ಸಿಕ್ಕರೆ ಆರನ್ನೂ ಪಕ್ಕಪಕ್ಕ ಮಗುಚಿಡಿ. ಮುದ್ರೆಯನ್ನು ಒಂದೊಂದಾಗಿ ಕೈಯಿಂದ ಒತ್ತುತ್ತಿದ್ದ ಕಾಲದ್ದಾದರೆ ಸಿಂಹ ಒಂದರಲ್ಲಿ ತುಸು ಮೇಲೆ, ಇನ್ನೊಂದರಲ್ಲಿ ತುಸು ಓರೆ ಇರುತ್ತದೆ. ಆರರಲ್ಲೂ ಕೂದಲೆಳೆ ವ್ಯತ್ಯಾಸವಿಲ್ಲದೆ ಒಂದೇ ಜಾಗದಲ್ಲಿದ್ದು, ಅಂಚು ಮಸುಕಾಗಿ, ಲೂಪಿನಲ್ಲಿ ಮರಳಿನ ಹಾಗೆ ಸಣ್ಣ ತೂತು ಕಂಡರೆ, ನಿಜವಾದ ಒಂದು ಚಮಚದ ಅಚ್ಚು ತೆಗೆದು ಎರಕ ಹೊಯ್ದದ್ದು.

ಮೋಸಕ್ಕಿಂತ ಹೆಚ್ಚಾಗಿ ಆಗುವುದು ಗೊಂದಲ. ನಾಲ್ಕು ಪುಟ್ಟ ಚೌಕಟ್ಟಿನಲ್ಲಿ ನಾಲ್ಕು ಅಲಂಕಾರದ ಅಕ್ಷರ ಕಂಡು ಹಾಲ್‌ಮಾರ್ಕ್ ಎಂದು ಹಿಗ್ಗಬೇಡಿ. ಲೂಪಿನಲ್ಲಿ ನೋಡಿದರೆ ಅದು 'ಇಪಿಎನ್‌ಎಸ್' ಆಗಿರುತ್ತದೆ. ಬೇರೆ ಲೋಹಕ್ಕೆ ವಿದ್ಯುತ್ತಿನಿಂದ ಬೆಳ್ಳಿಯ ನೀರು ಕೊಟ್ಟದ್ದು. ಎಲ್ಕಿಂಗ್ಟನ್ ಕಂಪನಿ 1840ರಲ್ಲಿ ಪೇಟೆಂಟ್ ಪಡೆದ ಮೇಲೆ ಇದು ಮನೆಮನೆಗೂ ಹೋಯಿತು. ಮೇಜಿಗೆ ತಾಗುವ ಗುಳಿಯ ಬೆನ್ನಿನಲ್ಲಿ ಬೆಳ್ಳಿ ಹೋಗಿ ಒಳಗಿನ ಹಳದಿಯೋ ಬೂದು ಬಣ್ಣವೋ ಇಣುಕುತ್ತದೆ. ಊಟಕ್ಕೆ ಅಡ್ಡಿಯಿಲ್ಲ, ಬೆಳ್ಳಿಯ ಬೆಲೆ ಕೊಡಬೇಡಿ.

ನಾಲ್ಕನೇ ಹೆಜ್ಜೆ: ಬೆಲೆ

ನಮ್ಮ ಬೆಳ್ಳಿ ಅಂಗಡಿಯ ಲೆಕ್ಕವೇ ಇಲ್ಲೂ ಶುರು. 62 ಗ್ರಾಂ ಚಮಚದಲ್ಲಿ ಶುದ್ಧ ಬೆಳ್ಳಿ 62ನ್ನು 0.925ರಿಂದ ಗುಣಿಸಿದಷ್ಟು, ಅಂದರೆ 57 ಗ್ರಾಂ ಚಿಲ್ಲರೆ. ಅವತ್ತಿನ ದರಕ್ಕೆ ಗುಣಿಸಿ. ಅದು ನೆಲ, ಅಂದರೆ ಬೆಲೆಯ ತಳ. ಇಂಗ್ಲೆಂಡಿನ ದರ ಟ್ರಾಯ್ ಔನ್ಸಿನಲ್ಲಿ ಹೇಳಿದರೆ ಔನ್ಸಿಗೆ 31.1 ಗ್ರಾಂ ಎಂದು ಇಟ್ಟುಕೊಳ್ಳಿ. ಅದರ ಮೇಲೆ ಎಷ್ಟು ಕೊಡುತ್ತೀರೋ ಅದು ಹಳತಿಗೆ, ಸ್ಥಿತಿಗೆ, ಹೆಸರಿಗೆ. ಸಾಧಾರಣ ಫಿಡಲ್ ಚಮಚಕ್ಕೆ ನೆಲದ ಹತ್ತಿರವೇ ಸಿಗುತ್ತದೆ. ಗಂಡ ಸತ್ತ ಮೇಲೆ 1761ರಲ್ಲಿ ತನ್ನ ಹೆಸರಿನಲ್ಲೇ ಮುದ್ರೆ ನೋಂದಾಯಿಸಿ, ಲಂಡನ್ನಿನ ಬನ್‌ಹಿಲ್ ರೋನಲ್ಲಿ ಮಕ್ಕಳೊಂದಿಗೆ ಕಾರ್ಖಾನೆ ನಡೆಸಿದ ಹೆಸ್ಟರ್ ಬೇಟ್‌ಮನ್‌ಳ ಬಳುಕಿನ 'ಎಚ್ ಬಿ' ಕಂಡರೆ ಬೆಲೆ ಏರುತ್ತದೆ. ಅವಳ ಚಮಚ ಅಪರೂಪವೇನಲ್ಲ, ಅವಳ ಕತೆಗೆ ಜನ ಸೋಲುತ್ತಾರೆ. ನಾನೂ ಸೋತಿದ್ದೇನೆ, ನನ್ನ ಹತ್ತಿರ ಎರಡಿವೆ.

ಲಂಡನ್ನಿನಲ್ಲಿದ್ದರೆ ಮೊದಲು ಚಾನ್ಸರಿ ಲೇನ್‌ನ ಸಿಲ್ವರ್ ವಾಲ್ಟ್ಸ್‌ಗೆ ಹೋಗಿ. ನೆಲದಡಿಯಲ್ಲಿ ಸಾಲು ಸಾಲು ಬೆಳ್ಳಿ ಅಂಗಡಿ. ಬೆಲೆ ಜಾಸ್ತಿ, ಆದರೆ ಕೇಳಿದ್ದಕ್ಕೆ ಉತ್ತರ ಸಿಗುತ್ತದೆ, ಕಣ್ಣು ಪಳಗುತ್ತದೆ. ಶನಿವಾರ ಪೋರ್ಟೊಬೆಲೊ ರೋಡ್ ಸುತ್ತಿ. ಹರಾಜಿನಲ್ಲಿ ಕೂಗುವ ಮುಂಚೆ ಕೊಳ್ಳುವವರ ಕಮಿಷನ್ ಎಷ್ಟೆಂದು ಓದಿಕೊಳ್ಳಿ. ಕೂಗಿದ ಬೆಲೆಯ ಮೇಲೆ ಶೇ. 20, 25 ಸೇರಿಕೊಂಡಾಗ ಅಗ್ಗದ ಚಮಚ ಅಗ್ಗವಾಗಿ ಉಳಿಯುವುದಿಲ್ಲ. ಆನ್‌ಲೈನ್‌ನಲ್ಲಾದರೆ ಮುದ್ರೆಯ ಹತ್ತಿರದ ಫೋಟೊ, ಗುಳಿಯ ಫೋಟೊ, ತೂಕ, ಮೂರೂ ಕೇಳಿ. ಕೊಡದವರಿಂದ ಕೊಳ್ಳಬೇಡಿ.

ಊರಿಗೆ ತರುವವರು ಬಿಲ್ ಜೋಪಾನ ಮಾಡಿ, ಕಸ್ಟಮ್ಸ್ ನಿಯಮ ನೋಡಿಕೊಳ್ಳಿ. ವಾಪಸ್ ಒಯ್ಯುವುದು ಬೇರೆ ಮಾತು. 1972ರ ಪ್ರಾಚ್ಯವಸ್ತು ಕಾಯ್ದೆಯಲ್ಲಿ ನೂರು ವರ್ಷ ದಾಟಿದ ಕಲಾವಸ್ತುವನ್ನು ಖಾಸಗಿಯವರು ಭಾರತದಿಂದ ಹೊರಗೆ ಸಾಗಿಸುವಂತಿಲ್ಲ.

ಭಾರತದ ಹಳೆ ಬಂಗಲೆಯ ಪೆಟ್ಟಿಗೆಯಲ್ಲಿ ಫಿಡಲ್ ಮಾದರಿಯ ಚಮಚ ಸಿಕ್ಕು, ಅದರಲ್ಲಿ ಸಿಂಹ ಇಲ್ಲದಿದ್ದರೆ ಎಸೆಯಬೇಡಿ. ಕಲ್ಕತ್ತೆಯ ಹ್ಯಾಮಿಲ್ಟನ್ ಅಂಡ್ ಕೋ, ಮದ್ರಾಸಿನ ಪಿ. ಓರ್ ಅಂಡ್ ಸನ್ಸ್ ಇಂಥ ಅಂಗಡಿಗಳು ಇಂಗ್ಲಿಷ್ ಮಾದರಿಯನ್ನೇ ಇಲ್ಲಿ ಮಾಡಿಸಿ ಮಾರುತ್ತಿದ್ದವು. ಇಂಗ್ಲಿಷ್ ಮುದ್ರೆಯ ಪಟ್ಟಿಯಲ್ಲಿ ಅವು ಸಿಗುವುದಿಲ್ಲ. ಅವನ್ನು ಹುಡುಕಿಕೊಂಡು ಹೋಗುವವರೇ ಬೇರೆ ಇದ್ದಾರೆ.

ಕೊನೆಯದು: ತೊಳೆಯುವುದು, ಇಡುವುದು

ಹುಣಸೆಹಣ್ಣು, ಬೂದಿ, ಪಾತ್ರೆ ಉಜ್ಜುವ ಪುಡಿ, ಟೂತ್‌ಪೇಸ್ಟ್ ಯಾವುದೂ ಬೇಡ. ದೇವರ ಸಾಮಾನಿಗೆ ವಿಭೂತಿ ಹಚ್ಚಿ ಉಜ್ಜುವ ಅಭ್ಯಾಸ ನಮಗಿದೆ, ಅದೂ ಬೇಡ. ಪ್ರತಿ ಉಜ್ಜಿಗೂ ಮುದ್ರೆ ಒಂದಿಷ್ಟು ಸವೆಯುತ್ತದೆ, ಮುದ್ರೆ ಹೋದರೆ ಉಳಿಯುವುದು 57 ಗ್ರಾಂ ಬೆಳ್ಳಿ ಮಾತ್ರ. ಬಿಸಿನೀರು, ಎರಡು ಹನಿ ಸೋಪು, ಮೆತ್ತನೆ ಹತ್ತಿ ಬಟ್ಟೆ ಸಾಕು. ಕಪ್ಪಾದರೆ ಬೆಳ್ಳಿ ಒರೆಸುವ ಬಟ್ಟೆಯಿಂದ ವರ್ಷಕ್ಕೊಂದು ಸಲ. ಕೆತ್ತನೆಯ ಸಂದಿನ ಕಪ್ಪು ಇರಲಿ ಬಿಡಿ, ಅದರಿಂದಲೇ ಅಕ್ಷರ ಕಾಣುವುದು. ಡಿಶ್‌ವಾಷರಿಗೆ ಹಾಕಬೇಡಿ. ರಬ್ಬರ್ ಬ್ಯಾಂಡ್ ಸುತ್ತಬೇಡಿ, ಅದರ ಗಂಧಕದಿಂದ ಅಳಿಸಲಾಗದ ಕಪ್ಪು ಪಟ್ಟಿ ಬೀಳುತ್ತದೆ. ಉಣ್ಣೆ ಬಟ್ಟೆಯೂ ಹಾಗೆಯೇ.

ಪ್ರತಿ ಚಮಚಕ್ಕೂ ಒಂದು ಚೀಟಿ ಬರೆದಿಡಿ: ಊರು, ವರ್ಷ, ಮಾಡಿದವರು, ತೂಕ, ಕೊಟ್ಟ ಬೆಲೆ, ಎಲ್ಲಿ ಕೊಂಡದ್ದು. ಮೂವತ್ತು ದಾಟಿದ ಮೇಲೆ ತಲೆಯಲ್ಲಿ ಉಳಿಯುವುದಿಲ್ಲ.

ಆಮೇಲೆ ಬಳಸಿ. ಬಳಸುವ ಬೆಳ್ಳಿ ಬೇಗ ಕಪ್ಪಾಗುವುದಿಲ್ಲ. ಮೊಟ್ಟೆ ತಾಗಿದರೆ ಗಂಧಕಕ್ಕೆ ಕಪ್ಪಾಗುತ್ತದೆ, ಕೂಡಲೇ ತೊಳೆದರಾಯಿತು. ಉಪ್ಪು ಮಾತ್ರ ಬೆಳ್ಳಿಯನ್ನೇ ತಿಂದು ಸಣ್ಣ ಸಣ್ಣ ಹಳ್ಳ ಮಾಡುತ್ತದೆ, ಅದಕ್ಕೇ ಹಳೆ ಉಪ್ಪಿನ ಚಮಚಗಳ ಗುಳಿಗೆ ಚಿನ್ನದ ಲೇಪ ಇರುವುದು. ನಮ್ಮನೆಯಲ್ಲಿ 1805ರ ಆ ಚಮಚ ಭಾನುವಾರದ ಪಾಯಸಕ್ಕೆ ಮೇಜಿಗೆ ಬರುತ್ತದೆ. ಉಪ್ಪಿನಕಾಯಿ ಜಾಡಿಯ ಹತ್ತಿರ ಯಾರಾದರೂ ಅದನ್ನು ಒಯ್ದರೆ ನಾನು ಎದ್ದು ನಿಲ್ಲುತ್ತೇನೆ.